ಮುಸುಕಿನ ಜೋಳದ ಹುಳು: ಸುದ್ದಿ ಎರಡು ವಾರ ಮುಂಚೆ ಬರಲಿ

ಮಾನ್ಯ ಸಂಪಾದಕರೇ,

ಮುಂಗಾರು ಬಿತ್ತನೆಯಾಗಿ ತಿಂಗಳಾಗುವ ಹೊತ್ತಿಗೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಚಿತ್ರ ತಪ್ಪದೆ ಬರುತ್ತದೆ. ಸುಳಿಯೆಲ್ಲ ಹರಿದುಹೋದ ಮುಸುಕಿನ ಜೋಳದ ಗಿಡ, ಸುಳಿಯೊಳಗೆ ಮರದ ಹೊಟ್ಟಿನಂಥ ಲದ್ದಿ, ಗಿಡ ಹಿಡಿದು ನಿಂತ ರೈತ. ಮೇಲೆ ‘ಲದ್ದಿ ಹುಳು ಕಾಟ, ಆತಂಕದಲ್ಲಿ ರೈತರು’ ಎಂಬ ಶೀರ್ಷಿಕೆ. ಸುದ್ದಿಯೇನೂ ಸುಳ್ಳಲ್ಲ. ಆದರೆ ಆ ಚಿತ್ರ ತೆಗೆಯುವ ದಿನಕ್ಕೆ ಹುಳುವಿನ ಊಟ ಬಹುಪಾಲು ಮುಗಿದಿರುತ್ತದೆ. ಸುದ್ದಿ ಓದಿ ಗೊಬ್ಬರದ ಅಂಗಡಿಗೆ ಓಡಿದವರು ಆಮೇಲೆ ಹೊಡೆಯುವ ಔಷಧಿಯಲ್ಲಿ ಅರ್ಧಕ್ಕರ್ಧ ದಂಡ. ಇದೇ ಸುದ್ದಿ ಎರಡು ವಾರ ಮೊದಲು ಬಂದರೆ ಮಂಡ್ಯ, ಮೈಸೂರು ಜಿಲ್ಲೆಗಳ ಜೋಳದ ಬೆಳೆಗಾರರಿಗೆ ನಿಜಕ್ಕೂ ಉಪಯೋಗವಾಗುತ್ತದೆ. ಅದು ಹೇಗೆಂದು ಹೇಳಲು ಸ್ವಲ್ಪ ಹೆಚ್ಚು ಜಾಗ ಬೇಕು, ದಯವಿಟ್ಟು ಕೊಡಿ.

ಈ ಲದ್ದಿ ಹುಳುವಿನ, ಅಂದರೆ ಫಾಲ್ ಸೈನಿಕ ಹುಳುವಿನ, ಲೆಕ್ಕವನ್ನು ದಿನಗಳಲ್ಲಿ ಹಾಕಬೇಕು. ಬಿತ್ತಿದ ಐದಾರು ದಿನಕ್ಕೆ ಮೊಳಕೆ ಮೇಲೆ ಬರುತ್ತದೆ. ಎರಡು ಮೂರು ಎಲೆ ಬಿಚ್ಚಿಕೊಳ್ಳುತ್ತಿದ್ದಂತೆ ಹೆಣ್ಣು ಪತಂಗ ರಾತ್ರಿ ಹೊತ್ತು ಬಂದು ಎಲೆಗೆ, ಕೆಲವೊಮ್ಮೆ ಕಾಂಡದ ಬುಡಕ್ಕೆ, ಗುಂಪುಗುಂಪಾಗಿ ಮೊಟ್ಟೆ ಇಡುತ್ತದೆ. ಒಂದು ಗುಂಪಿನಲ್ಲಿ 100ರಿಂದ 200 ಮೊಟ್ಟೆ, ಮೇಲೆ ತನ್ನ ಮೈಯ ಬೂದು ಬಣ್ಣದ ಕೂದಲಿನ ಹೊದಿಕೆ. ಒಂದು ಹೆಣ್ಣು ತನ್ನ ಆಯಸ್ಸಿನಲ್ಲಿ ಒಂದೂವರೆ ಸಾವಿರದಿಂದ ಎರಡು ಸಾವಿರದವರೆಗೆ ಮೊಟ್ಟೆ ಇಡಬಲ್ಲದು. ಎರಡು ಮೂರು ದಿನಕ್ಕೆ ಮೊಟ್ಟೆ ಒಡೆದು ಸುಲಭವಾಗಿ ಕಣ್ಣಿಗೆ ಬೀಳದಷ್ಟು ಸಣ್ಣ ಮರಿಗಳು ಹೊರಬರುತ್ತವೆ. ನೂಲು ಬಿಟ್ಟು ಗಾಳಿಗೆ ತೂಗಿಕೊಂಡು ಅಕ್ಕಪಕ್ಕದ ಗಿಡಗಳಿಗೆ ಹೋಗುತ್ತವೆ. ಅಲ್ಲಿಂದ ಎರಡು ಮೂರು ವಾರದಲ್ಲಿ ಹುಳು ಆರು ಹಂತ ದಾಟಿ, ಮಣ್ಣಿನಲ್ಲಿ ಎರಡರಿಂದ ಎಂಟು ಸೆಂಟಿಮೀಟರ್ ಆಳಕ್ಕಿಳಿದು ಕೋಶವಾಗುತ್ತದೆ. ಬೆಚ್ಚನೆಯ ದಿನಗಳಲ್ಲಿ ಎಂಟೊಂಬತ್ತು ದಿನಕ್ಕೆ ಮತ್ತೆ ಪತಂಗ. ಮೊಟ್ಟೆಯಿಂದ ಪತಂಗದವರೆಗೆ ಹೆಚ್ಚುಕಡಿಮೆ ಒಂದು ತಿಂಗಳು.

ಈ ಆರು ಹಂತಗಳಲ್ಲಿ ಮೊದಲ ಮೂರೂ ಸೇರಿ ತಿನ್ನುವುದು ಹುಳು ಒಟ್ಟು ತಿನ್ನುವುದರಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲ. ಕೊನೆಯ ಹಂತವೊಂದೇ ಮುಕ್ಕಾಲಕ್ಕೂ ಹೆಚ್ಚು ತಿಂದು ಮುಗಿಸುತ್ತದೆ. ಹಾಗಾಗಿಯೇ ಹೊಲ ‘ರಾತ್ರೋರಾತ್ರಿ ಹಾಳಾಯ್ತು’ ಅನ್ನಿಸುವುದು. ಹುಳು ಬಂದು ಹದಿನೈದು ದಿನವಾಗಿರುತ್ತದೆ, ಕಣ್ಣಿಗೆ ಬೀಳುವುದು ಕೊನೆಯ ನಾಲ್ಕು ದಿನದ ತಿನ್ನಾಟ. ಬಿತ್ತಿದ 10ನೇ ದಿನದಿಂದ 20ನೇ ದಿನದ ಒಳಗೆ ಮರಿ ಸಣ್ಣದಿರುತ್ತದೆ, ಎಲೆಯ ಮೇಲೇ ಇರುತ್ತದೆ, ಬೇವಿನ ಕಷಾಯಕ್ಕೂ ಸಾಯುತ್ತದೆ. 25 ದಿನ ದಾಟಿದರೆ ಸುಳಿಯ ಆಳಕ್ಕಿಳಿದು, ಮೇಲೆ ತನ್ನದೇ ಲದ್ದಿಯ ಬಿರಡೆ ಹಾಕಿಕೊಂಡು ಕೂತಿರುತ್ತದೆ. ಯಾವ ದುಬಾರಿ ಔಷಧಿಯೂ ಆ ಬಿರಡೆ ದಾಟಿ ಸಲೀಸಾಗಿ ಒಳಗಿಳಿಯದು. ಪತ್ರಿಕೆಯಲ್ಲಿ ಬರುವ ಚಿತ್ರ ಈ ಎರಡನೇ ಘಟ್ಟದ್ದು.

ಹುಳುವಿನ ಊರು ಅಮೆರಿಕ ಖಂಡದ ಉಷ್ಣ ಪ್ರದೇಶ. ಶಾಸ್ತ್ರೀಯ ಹೆಸರು ಸ್ಪೋಡಾಪ್ಟೆರಾ ಫ್ರುಜಿಪರ್ಡಾ, ಕೃಷಿ ಇಲಾಖೆಯ ಕರಪತ್ರಗಳಲ್ಲಿ ‘ಫಾಲ್ ಸೈನಿಕ ಹುಳು’. ಅಮೆರಿಕ ಸಂಯುಕ್ತ ಸಂಸ್ಥಾನದ ಚಳಿಗಾಲವನ್ನು ಇದು ತಡೆಯಲಾರದು. ಫ್ಲಾರಿಡಾ, ಟೆಕ್ಸಾಸ್‌ಗಳ ದಕ್ಷಿಣ ತುದಿಯಲ್ಲಿ ಮಾತ್ರ ಉಳಿದುಕೊಂಡು ಪ್ರತಿ ಬೇಸಿಗೆಯಲ್ಲೂ ತಲೆಮಾರಿನಿಂದ ತಲೆಮಾರಿಗೆ ಉತ್ತರಕ್ಕೆ ಹಾರುತ್ತ ಕೆನಡಾವರೆಗೂ ಹೋಗುತ್ತದೆ. ಗಾಳಿ ಅನುಕೂಲವಾದರೆ ಪತಂಗ ಒಂದು ರಾತ್ರಿಯಲ್ಲಿ 100 ಕಿಲೋಮೀಟರ್ ದಾಟಬಲ್ಲದು, ಮೊಟ್ಟೆ ಇಡುವ ಮೊದಲೇ 500 ಕಿಲೋಮೀಟರ್‌ವರೆಗೂ ಹೋಗಬಲ್ಲದು. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ರಾಜ್ಯದಲ್ಲೇ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಜೋಳದ ಹೊಲಗಳಲ್ಲಿ. ಮರುವರ್ಷ ಮಿಜೋರಾಂ ಮುಟ್ಟಿತ್ತು, ಚೀನಾದಲ್ಲೂ ಕಂಡಿತ್ತು. 2020ರ ಆರಂಭಕ್ಕೆ ಆಸ್ಟ್ರೇಲಿಯಾದಲ್ಲಿತ್ತು. ‘ಪಕ್ಕದ ಹೊಲದವರು ಔಷಧಿ ಹೊಡೆಯಲಿಲ್ಲ, ಅದಕ್ಕೆ ನಮಗೆ ಬಂತು’ ಎಂಬ ಜಗಳದಲ್ಲಿ ಅರ್ಧ ಸತ್ಯ ಮಾತ್ರ ಇದೆ. ಇವತ್ತು ರಾತ್ರಿ ನಾಗಮಂಗಲದ ಹೊಲದಲ್ಲಿ ಮೊಟ್ಟೆ ಇಡುವ ಪತಂಗ ಬೇರೆ ಜಿಲ್ಲೆಯಲ್ಲಿ ಹುಟ್ಟಿದ್ದಿರಬಹುದು.

ಅಮೆರಿಕದ ಉತ್ತರ ಭಾಗದ ರೈತನಿಗೆ ಇದು ವರ್ಷಕ್ಕೊಮ್ಮೆ ಬರುವ ಅತಿಥಿ. ನಮಗೆ ಹಾಗಲ್ಲ. ಚಳಿಗೆ ಹೆದರಿ ಮಲಗಿಬಿಡುವ ಗುಣ ಈ ಹುಳುವಿಗಿಲ್ಲ, ನಮ್ಮ ಕಡೆ ಅದನ್ನು ಕೊಲ್ಲುವಷ್ಟು ಚಳಿಯೂ ಬೀಳುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳವಣಿಗೆ ನಿಧಾನವಾಗಬಹುದು, ಅಷ್ಟೆ. ಹಾಗಾದರೆ ಅದು ವರ್ಷವಿಡೀ ಏನು ತಿಂದು ಬದುಕುತ್ತದೆ?

ಜಗತ್ತಿನಲ್ಲಿ ಈ ಹುಳು ತಿನ್ನುವ ಗಿಡಗಳೆಂದು ದಾಖಲಾದವು 353, ಸೇರಿದ ಸಸ್ಯ ಕುಟುಂಬಗಳು 76. ಈ ಅಂಕಿ ಓದಿ ಕಂಗಾಲಾಗಬೇಕಿಲ್ಲ. ಅದರಲ್ಲಿ ಹತ್ತಿ, ಶೇಂಗಾ, ತರಕಾರಿಗಳೂ ಇವೆ. ಆದರೆ ಪತಂಗ ಆರಿಸಿಕೊಂಡು ಬರುವುದು ಹುಲ್ಲಿನ ಜಾತಿಗೆ, ಅದರಲ್ಲೂ ಮುಸುಕಿನ ಜೋಳಕ್ಕೆ. ನಮ್ಮ ಎರಡು ಜಿಲ್ಲೆಗಳ ಮಟ್ಟಿಗೆ ಪಟ್ಟಿ ಹೀಗೆ: ಮೊದಲು ಮುಸುಕಿನ ಜೋಳ, ಅದು ಕಾಳಿಗೆ ಬೆಳೆದದ್ದಾಗಲಿ, ಸ್ವೀಟ್ ಕಾರ್ನ್ ಆಗಲಿ, ಬೇಬಿ ಕಾರ್ನ್ ಆಗಲಿ, ದನದ ಮೇವಿಗೆ ಒತ್ತಾಗಿ ಚೆಲ್ಲಿದ ಆಫ್ರಿಕನ್ ಟಾಲ್ ಆಗಲಿ. ಆಮೇಲೆ ಬಿಳಿ ಜೋಳ, ಮೇವಿನ ಜೋಳ. ಎಳೆಯ ಕಬ್ಬು. ಜೋಳದ ಹೊಲ ಪಕ್ಕದಲ್ಲಿದ್ದರೆ ರಾಗಿಯೂ. ಸಜ್ಜೆ, ನವಣೆಯಂಥ ಸಿರಿಧಾನ್ಯಗಳಿಗೂ ಬೀಳುತ್ತದೆ. ನೇಪಿಯರ್ ಹುಲ್ಲಿನ ಮೇಲೂ ಮೊಟ್ಟೆ ಇಡುತ್ತದೆ, ಆದರೆ ಮರಿಗಳು ಅಲ್ಲಿ ಜೋಳದಷ್ಟು ಚೆನ್ನಾಗಿ ಬದುಕುವುದಿಲ್ಲ. ಭತ್ತವನ್ನು ಇಷ್ಟಪಡುವ ಒಂದು ಬಳಗವೂ ಈ ಜಾತಿಯಲ್ಲಿದೆ. ಹಾಗಿದ್ದರೂ ನಾಲೆ ಬಯಲಿನ ಭತ್ತದಲ್ಲಿ ಗುಂಪುಗುಂಪಾಗಿ ಕಾಣುವ ಸೈನಿಕ ಹುಳು ಸಾಮಾನ್ಯವಾಗಿ ಇದಲ್ಲ, ನಮ್ಮಲ್ಲಿ ಹಿಂದಿನಿಂದಲೂ ಇರುವ ಬೇರೆ ಜಾತಿಯವು.

ಈ ಪಟ್ಟಿಯನ್ನು ವಿಶ್ವೇಶ್ವರಯ್ಯ ನಾಲೆಯ ಬಯಲಿನ ಮೇಲೆ ಹರಡಿ ನೋಡಿ. ಕಬ್ಬು ವರ್ಷವಿಡೀ ಒಂದಲ್ಲ ಒಂದು ಗದ್ದೆಯಲ್ಲಿ ಎಳೆಯದಿರುತ್ತದೆ. ಭತ್ತ ಕೊಯ್ದ ಮೇಲೆ ನೀರಿದ್ದವರು ಬೇಸಿಗೆಗೆ ಜೋಳ ಹಾಕುತ್ತಾರೆ. ಹಸು ಕಟ್ಟಿದ ಮನೆಯ ಹಿಂದೆಲ್ಲ ಮೇವಿನ ಜೋಳ, ನೇಪಿಯರ್. ಹುಳುವಿಗೆ ಊಟವಿಲ್ಲದ ತಿಂಗಳೇ ಇಲ್ಲ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಭರಣಿ, ಕೃತ್ತಿಕೆ ಮಳೆಗೆ ಬಿತ್ತನೆ ಶುರುವಾಗುವಾಗ ಪತಂಗ ಆಗಲೇ ನೀರಾವರಿ ಬಯಲಿನಲ್ಲಿ ತಯಾರಾಗಿರುತ್ತದೆ.

ಇಲ್ಲೇ ಊರಿನವರು ಕೂಡಿ ಮಾಡಬಹುದಾದ ಕೆಲಸ ಒಂದಿದೆ. ಒಂದೇ ಊರಲ್ಲಿ ಒಬ್ಬರು ಕೃತ್ತಿಕೆಗೆ, ಇನ್ನೊಬ್ಬರು ರೋಹಿಣಿಗೆ, ಮತ್ತೊಬ್ಬರು ಆರಿದ್ರೆಗೆ ಬಿತ್ತಿದರೆ ಮೊದಲ ಹೊಲದ ಪತಂಗಕ್ಕೆ ಎರಡನೆಯ ಹೊಲದ ಎಳೆ ಗಿಡ, ಎರಡನೆಯದಕ್ಕೆ ಮೂರನೆಯದು ಸಿಗುತ್ತದೆ. ಕೊನೆಗೆ ಬಿತ್ತಿದವರಿಗೆ ಎರಡು ತಲೆಮಾರಿನ ಹುಳು ಒಟ್ಟಿಗೆ ಬೀಳುತ್ತದೆ. ಊರಿನ ಜೋಳವೆಲ್ಲ ಎರಡು ವಾರದ ಒಳಗೆ ಬಿತ್ತನೆಯಾದರೆ ಇರುವಷ್ಟೇ ಪತಂಗ ಹೆಚ್ಚು ಗಿಡಗಳಿಗೆ ಹಂಚಿಹೋಗುತ್ತದೆ. ಮಳೆ ನಂಬಿದವರಿಗೆ ದಿನಾಂಕ ಹೇಳುವುದು ಸುಲಭವಲ್ಲ ಎಂಬುದು ಸರಿ. ಆದರೆ ಬೋರ್‌ವೆಲ್ ಇದ್ದವರು ಊರಿಗೆಲ್ಲ ಮೊದಲು ಅಥವಾ ಎಲ್ಲರಿಗಿಂತ ತಡವಾಗಿ ಬಿತ್ತುವುದನ್ನಾದರೂ ಬಿಡಬಹುದು. ಬಿತ್ತುವ ಮೊದಲು ಆಳವಾಗಿ ಉಳುಮೆ ಮಾಡಿದರೆ ಮಣ್ಣಿನ ಕೋಶಗಳು ಮೇಲೆ ಬಂದು ಬಿಸಿಲಿಗೆ, ಕೊಕ್ಕರೆ, ಗೊರವಂಕಗಳಿಗೆ ಸಿಗುತ್ತವೆ.

ಹುಳು ಗುರುತಿಸುವುದರಲ್ಲೇ ತಪ್ಪಾದರೆ ಮುಂದಿನದೆಲ್ಲ ತಪ್ಪಾಗುತ್ತದೆ. ಬೆಳೆದ ಹುಳುವಿನ ಹಣೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದಂಥ ಬಿಳಿ ಗೆರೆ ಇರುತ್ತದೆ. ಬಾಲದ ಹತ್ತಿರದ ಒಂದು ಗೆಣ್ಣಿನ ಮೇಲೆ ನಾಲ್ಕು ಕಪ್ಪು ಚುಕ್ಕೆ ಚೌಕವಾಗಿ ಕೂತಿರುತ್ತವೆ. ಎರಡೂ ಇದ್ದರೆ ಅನುಮಾನ ಬೇಡ. ಎಲೆಯ ಅಡ್ಡಕ್ಕೆ ಸೂಜಿ ಚುಚ್ಚಿದಂತೆ ಸಾಲಾಗಿ ಸಣ್ಣ ತೂತು ಕಂಡು, ನಡುವಿನ ಸುಳಿ ಒಣಗಿ ಎಳೆದರೆ ಕಿತ್ತು ಬಂದರೆ ಅದು ಕಾಂಡ ಕೊರೆಯುವ ಹುಳು. ಹೊಗೆಸೊಪ್ಪಿನ ಹೊಲಗಳಲ್ಲಿ ಕಾಣುವ ಎಲೆ ತಿನ್ನುವ ಹುಳು ಇದರ ಹತ್ತಿರದ ಬಳಗವೇ. ಅದೂ ಮೊಟ್ಟೆಗೆ ಕೂದಲು ಹೊದಿಸುತ್ತದೆ, ಆದರೆ ಅದರ ಒಲವು ಅಗಲ ಎಲೆಯ ಗಿಡಗಳ ಕಡೆಗೆ. ಪತಂಗ ರೆಕ್ಕೆ ಬಿಚ್ಚಿದರೆ 32ರಿಂದ 40 ಮಿಲಿಮೀಟರ್. ಗಂಡಿನ ಮುಂದಿನ ರೆಕ್ಕೆಯ ತುದಿಯಲ್ಲಿ ಎದ್ದು ಕಾಣುವ ಬಿಳಿ ಮಚ್ಚೆ. ಹೆಣ್ಣು ಮಾಸಲು, ಗುರುತು ಹಿಡಿಯುವುದು ಕಷ್ಟ.

ಈ ಮಚ್ಚೆಯ ಅಗತ್ಯ ಮೋಹಕ ಬಲೆ, ಅಂದರೆ ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ, ನೋಡುವಾಗ ಬೀಳುತ್ತದೆ. ಬಲೆಯ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆ ಇದೆ. ಅದಕ್ಕೆ ಬೀಳುವುದು ಗಂಡು ಮಾತ್ರ. ಎಕರೆಗೆ ಐದು ಬಲೆ ಕಟ್ಟಿ ಹುಳು ಹತೋಟಿಗೆ ಬಂತೆಂದು ಕೂತರೆ, ಬೇರೆಡೆ ಕೂಡಿ ಬಂದ ಹೆಣ್ಣುಗಳು ತಮ್ಮ ಪಾಡಿಗೆ ತಾವು ಮೊಟ್ಟೆ ಇಟ್ಟು ಹೋಗುತ್ತವೆ. ಬಲೆ ಇರುವುದು ಎಚ್ಚರಿಕೆಗೆ. ಗಂಡು ಬೀಳಲು ಶುರುವಾದ ವಾರವೇ ಹೊಲದಲ್ಲಿ ಮೊಟ್ಟೆ ಹುಡುಕಬೇಕು ಎಂಬುದಷ್ಟೇ ಅದು ಹೇಳುವ ಮಾತು. ಮೊಳಕೆ ಬರುವ ಮೊದಲೇ ಕಟ್ಟಿ, ಬೆಳೆ ಎತ್ತರವಾದಂತೆ ಮೇಲಕ್ಕೆ ಏರಿಸಿ, ಒಳಗಿನ ಲೂರ್ (ಆ ವಾಸನೆ ಬಿಡುವ ತುಣುಕು) ತಿಂಗಳಿಗೊಮ್ಮೆ ಬದಲಿಸಬೇಕು. ಔಷಧಿ ಮುಟ್ಟಿದ ಕೈಯಲ್ಲಿ ಲೂರ್ ಮುಟ್ಟಬಾರದು. ಬೇರೆ ಜಾತಿಯ ಪತಂಗಗಳೂ ಬೀಳುವುದರಿಂದ ಬಿಳಿ ಮಚ್ಚೆ ಇದ್ದವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಹೊಲ ನೋಡುವುದೂ ಒಂದು ಕ್ರಮ. ಬದುವಿನ ಮೇಲೆ ನಿಂತು ನೋಡಿದರೆ ಏನೂ ಕಾಣದು. ಒಂದು ಮೂಲೆಯಿಂದ ಹೊಕ್ಕು ಅಂಕುಡೊಂಕಾಗಿ ನಡೆದು ಐದು ಕಡೆ ನಿಂತು, ಒಂದೊಂದು ಕಡೆಯೂ ಸಾಲಿನ 20 ಗಿಡ ನೋಡಿದರೆ 100 ಗಿಡವಾಯಿತು, ಶೇಕಡಾವಾರು ಲೆಕ್ಕ ಬಾಯಲ್ಲೇ ಸಿಗುತ್ತದೆ. ಎಲೆಯ ಹಸಿರು ಕೆರೆದು ಕಾಗದದಂಥ ಬಿಳಿ ಪೊರೆ ಉಳಿದ ಮಚ್ಚೆಗಳು ಸಣ್ಣ ಮರಿಯ ಗುರುತು. ಹಸಿಯಾದ ಲದ್ದಿ ಇದ್ದರೆ ಹುಳು ಒಳಗಿದೆ. ಒಣಗಿದ ಲದ್ದಿ, ಹಳೆಯ ತೂತುಗಳನ್ನು ಎಣಿಸಬಾರದು. ಸುಳಿಯೊಳಗೆ ಮಡಚಿಕೊಂಡಿದ್ದಾಗ ಬಿದ್ದ ತೂತು ಎಲೆ ಬಿಚ್ಚಿದ ಮೇಲೆ ದೊಡ್ಡದಾಗಿ ಕಾಣುತ್ತದೆ, ಹುಳು ಸತ್ತು ವಾರವಾಗಿದ್ದರೂ ‘ಔಷಧಿ ಕೆಲಸ ಮಾಡಲಿಲ್ಲ’ ಎಂದು ಎರಡನೇ ಸಲ ಹೊಡೆಯುವವರು ಇದರಿಂದಲೇ ಮೋಸ ಹೋಗುವುದು. ಎಳೆ ಗಿಡದಲ್ಲಿ ನೂರಕ್ಕೆ 5 ಗಿಡಕ್ಕೆ ಹೊಸ ಗುರುತು ಕಂಡರೆ ಬೇವಿನ ಕಷಾಯಕ್ಕೆ ಕೈ ಹಾಕಬೇಕು. ಸುಳಿ ಬಲಿತ ಮೇಲೆ 10ರಿಂದ 20 ಗಿಡ ಮುಟ್ಟಿದರೆ ಮಾತ್ರ ರಾಸಾಯನಿಕದ ಯೋಚನೆ. ಅದಕ್ಕಿಂತ ಕಡಿಮೆಯಿದ್ದರೆ ಗಿಡ ತಾನೇ ಚೇತರಿಸಿಕೊಳ್ಳುತ್ತದೆ. ಎಲೆ ಹರಿದ ಜೋಳವೆಲ್ಲ ಇಳುವರಿ ಕಳೆದುಕೊಂಡ ಜೋಳವಲ್ಲ.

60 ಸೆಂಟಿಮೀಟರ್ ಸಾಲು, 30 ಸೆಂಟಿಮೀಟರ್ ಗಿಡದ ಅಂತರ ಹಿಡಿದರೆ ಎಕರೆಗೆ ಸುಮಾರು 22 ಸಾವಿರ ಗಿಡ. ಅಷ್ಟನ್ನೂ ಒಬ್ಬರೇ ಕೈಯಲ್ಲಿ ನೋಡಲಾಗದು. ಆದರೆ ಮೊದಲ ಕಳೆ ತೆಗೆಯುವ ಹೆಣ್ಣಾಳುಗಳಿಗೆ ಮೊಟ್ಟೆಯ ಗುಂಪು ಹೇಗಿರುತ್ತದೆಂದು ಒಂದು ಎಲೆ ಹಿಡಿದು ತೋರಿಸಿದರೆ ಕಳೆಯ ಜೊತೆಗೇ ಹಿಸುಕಿ ಹಾಕುತ್ತಾರೆ. ಒಂದು ಗುಂಪು ಹಿಸುಕಿದರೆ ನೂರೈವತ್ತು ಹುಳು ಹೋದಂತೆ. ಇಷ್ಟು ಅಗ್ಗದ ಉಪಾಯವನ್ನು ಯಾರೂ ಮಾರುವುದಿಲ್ಲವಾದ್ದರಿಂದ ಯಾರೂ ಪ್ರಚಾರವನ್ನೂ ಮಾಡುವುದಿಲ್ಲ.

ಬಿತ್ತನೆಗೆ ಮೊದಲೇ ಬೀಜೋಪಚಾರ ಮಾಡಿದರೆ ಮೊದಲ ಎರಡು ಮೂರು ವಾರ ನೆಮ್ಮದಿ. ಸಯಾಂಟ್ರಾನಿಲಿಪ್ರೋಲ್ ಮತ್ತು ಥಯೋಮೆಥಾಕ್ಸಾಮ್ ಎರಡೂ ಶೇ 19.8 ಇರುವ ಬೀಜೋಪಚಾರದ ಔಷಧಿ, ಕಿಲೋ ಬೀಜಕ್ಕೆ 6 ಮಿಲಿಲೀಟರ್. ಕೆಲವು ಹೈಬ್ರಿಡ್ ಬೀಜ ಇದನ್ನು ಹಚ್ಚಿಯೇ ಬರುತ್ತದೆ, ಚೀಲದ ಚೀಟಿ ಓದಬೇಕು. ಹಚ್ಚಿದ ಬೀಜ ಮಿಕ್ಕಿತೆಂದು ಕೋಳಿಗೆ ಹಾಕಬಾರದು. ಮುಂದೆ ಸಿಂಪಡಣೆಗೆ ಔಷಧಿ ಆರಿಸುವಾಗಲೂ ಈ ಚೀಟಿ ನೆನಪಿರಬೇಕು, ಕಾರಣ ಆಮೇಲೆ ಹೇಳುತ್ತೇನೆ.

ಬೇವಿನ ಬೀಜದ ಕಷಾಯವನ್ನು ಶೇ 5ರ ಪ್ರಮಾಣದಲ್ಲಿ ಮಾಡಬೇಕು. 5 ಕಿಲೋ ಬೇವಿನ ಬೀಜದ ತಿರುಳನ್ನು ಪುಡಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಹಾಲಿನ ಬಣ್ಣಕ್ಕೆ ಬರುವ ತನಕ ಹಿಂಡಿ, ಎರಡು ಪದರ ಬಟ್ಟೆಯಲ್ಲಿ ಸೋಸಿ 100 ಲೀಟರ್ ಮಾಡಿಕೊಳ್ಳಬೇಕು. 200 ಗ್ರಾಂ ಸೋಪು ಕರಗಿಸಿ ಬೆರೆಸಿದರೆ ಎಲೆಗೆ ಅಂಟುತ್ತದೆ. ಕೆಡುವುದು ಎಲ್ಲಿ? ಒಂದು, ಎರಡು ವರ್ಷದ ಹಳೆಯ ಬೀಜ. ಮೂರು ತಿಂಗಳಿಂದ ಎಂಟು ತಿಂಗಳ ಒಳಗಿನದಾದರೆ ಸತ್ವ ಇರುತ್ತದೆ. ಎರಡು, ಸರಿಯಾಗಿ ಸೋಸದೆ ನಾಜಲ್ ಕಟ್ಟಿಕೊಳ್ಳುವುದು. ಮೂರು, ಮಾಡಿಟ್ಟು ಮರುದಿನ ಹೊಡೆಯುವುದು. ಅವತ್ತಿನದು ಅವತ್ತೇ, ಅದೂ ಬಿಸಿಲು ಇಳಿದ ಮೇಲೆ. ಇಷ್ಟು ಕೆಲಸ ಆಗದವರು 1500 ಪಿಪಿಎಂ ಅಜಾಡಿರಾಕ್ಟಿನ್ ತಂದು ಲೀಟರಿಗೆ 5 ಮಿಲಿಲೀಟರ್ ಹಾಕಬಹುದು. ಹುಳು ಅರ್ಧ ಇಂಚು ದಾಟಿದ ಮೇಲೆ ಬೇವಿನಿಂದ ಹೆಚ್ಚು ನಿರೀಕ್ಷೆ ಬೇಡ. ಹೊಲ ಸಣ್ಣದಿದ್ದರೆ ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣದ ಪುಡಿ ಬೆರೆಸಿ, ಮೊದಲ ತಿಂಗಳಲ್ಲಿ ಸುಳಿಗೆ ಒಂದೊಂದು ಚಿಟಿಕೆ ಹಾಕುವುದೂ ಉಂಟು.

ರಾಸಾಯನಿಕಕ್ಕೆ ಬಂದರೆ ಮೂರು ಹೆಸರು ಸಾಕು. ಎಮಾಮೆಕ್ಟಿನ್ ಬೆಂಜೋಯೇಟ್ ಶೇ 5 ಎಸ್‌ಜಿ, ಲೀಟರಿಗೆ 0.4 ಗ್ರಾಂ. ಸ್ಪೈನೆಟೊರಾಮ್ ಶೇ 11.7 ಎಸ್‌ಸಿ, ಲೀಟರಿಗೆ 0.5 ಮಿಲಿಲೀಟರ್. ಕ್ಲೋರಾಂಟ್ರಾನಿಲಿಪ್ರೋಲ್ ಶೇ 18.5 ಎಸ್‌ಸಿ, ಲೀಟರಿಗೆ 0.4 ಮಿಲಿಲೀಟರ್. 16 ಲೀಟರ್ ಟ್ಯಾಂಕಿಗೆ ಕ್ರಮವಾಗಿ 6.4 ಗ್ರಾಂ, 8 ಮಿಲಿಲೀಟರ್, 6.4 ಮಿಲಿಲೀಟರ್. ಎಕರೆಗೆ 200 ಲೀಟರ್ ನೀರು, ಅಂದರೆ ಹನ್ನೆರಡು ಹದಿಮೂರು ಟ್ಯಾಂಕ್. ಮುಚ್ಚಳದ ಅಳತೆಯಲ್ಲಿ ಹಾಕುವುದು, ಎಕರೆಯ ಔಷಧಿಯನ್ನೆಲ್ಲ ಐದು ಟ್ಯಾಂಕಿನಲ್ಲಿ ಮುಗಿಸುವುದು ಬೇಡ. ಈ ಹುಳುವಿಗೆ ಎಲೆಯೆಲ್ಲ ಒದ್ದೆಯಾಗಬೇಕಿಲ್ಲ, ಸುಳಿಯೊಳಗೆ ದ್ರಾವಣ ಇಳಿಯಬೇಕು. ನಾಜಲ್ ಅನ್ನು ಸುಳಿಯ ನೇರಕ್ಕೆ ಹಿಡಿದು ಗಿಡದಿಂದ ಗಿಡಕ್ಕೆ ಹೋಗಬೇಕು. ದಾರಿಯಲ್ಲಿ ನಡೆಯುತ್ತ ಅಡ್ಡಡ್ಡ ಬೀಸಿದರೆ ಹೊಲ ಒದ್ದೆಯಾಗುತ್ತದೆ, ಹುಳು ಒಣಗೇ ಇರುತ್ತದೆ. ಅದು ಮೇಲೆ ಬಂದು ಮೇಯುವುದು ಮುಸ್ಸಂಜೆ ಮತ್ತು ಮುಂಜಾನೆ. ಸಿಂಪಡಣೆಗೂ ಅದೇ ಹೊತ್ತು.

ಎರಡನೇ ಸಲ ಹೊಡೆಯಬೇಕಾದರೆ ಬೇರೆ ಗುಂಪಿನ, ಅಂದರೆ ಹುಳುವನ್ನು ಬೇರೆ ಬಗೆಯಲ್ಲಿ ಕೊಲ್ಲುವ, ಔಷಧಿ ಬೇಕು. ಡಬ್ಬಿಯ ಮೇಲಿನ ದೊಡ್ಡ ಹೆಸರು ಬೇರೆಯಾದ ಮಾತ್ರಕ್ಕೆ ಔಷಧಿ ಬೇರೆಯಾಗುವುದಿಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರು ನೋಡಬೇಕು. ಬೀಜೋಪಚಾರದ ಸಯಾಂಟ್ರಾನಿಲಿಪ್ರೋಲ್, ಸಿಂಪಡಣೆಯ ಕ್ಲೋರಾಂಟ್ರಾನಿಲಿಪ್ರೋಲ್ ಎರಡೂ ಒಂದೇ ಗುಂಪು. ಬೀಜಕ್ಕೆ ಮೊದಲನೆಯದು ಹಚ್ಚಿದ್ದರೆ ಮೊದಲ ಸಿಂಪಡಣೆಗೆ ಎರಡನೆಯದು ಬೇಡ. ಅದರಿಂದ ಉಳಿದ ಹುಳುಗಳೇ ಮತ್ತೆ ಅದೇ ವಿಷಕ್ಕೆ ಒಗ್ಗಿಕೊಳ್ಳುತ್ತವೆ.

ಬಲಿತ ಹುಳುವಿಗೆ ವಿಷದ ಹಿಟ್ಟು ಇಡುವ ಪದ್ಧತಿ ಇದೆ. ಎಕರೆಗೆ 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲವನ್ನು ಎರಡು ಮೂರು ಲೀಟರ್ ನೀರಿನಲ್ಲಿ ಕಲಸಿ 24 ಗಂಟೆ ಹುಳಿಯಲು ಬಿಟ್ಟು, ಹೊಲಕ್ಕೆ ಹೋಗುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಕೈಗವಸು ಹಾಕಿ ಸುಳಿಗಷ್ಟೇ ಹಾಕುವುದು. ಬೆಲ್ಲದ ವಾಸನೆಗೆ ಹುಳು ಬಂದಷ್ಟೇ ಬೇಗ ದನ, ನಾಯಿ, ಕೋಳಿಯೂ ಬರುತ್ತವೆ. ಮೇವಿಗೆಂದು ಬೆಳೆದ ಜೋಳಕ್ಕೆ ಇದನ್ನು ಯಾವ ಕಾರಣಕ್ಕೂ ಹಾಕಬಾರದು. ಸ್ವೀಟ್ ಕಾರ್ನ್, ಬೇಬಿ ಕಾರ್ನ್‌ಗೂ ಬೇಡ.

ಈಗ ನಮ್ಮ ಜಿಲ್ಲೆಗಳಿಗೇ ವಿಶೇಷವಾದ ಎಚ್ಚರಿಕೆ. ಬೇರೆ ರಾಜ್ಯಗಳ ಸಲಹೆಯನ್ನು ಕನ್ನಡಕ್ಕೆ ಇಳಿಸಿ ಹಂಚುವ ಕರಪತ್ರಗಳಲ್ಲಿ ಇದು ಇರುವುದೇ ಇಲ್ಲ. ಮಂಡ್ಯ, ಮೈಸೂರಿನಲ್ಲಿ ಜೋಳದ ಹೊಲಕ್ಕೆ ಅಂಟಿಕೊಂಡೇ ಹಿಪ್ಪುನೇರಳೆ ಇರುತ್ತದೆ. ರೇಷ್ಮೆ ಹುಳುವೂ ಪತಂಗದ ಮರಿಯೇ. ಲದ್ದಿ ಹುಳುವನ್ನು ಕೊಲ್ಲುವ ವಿಷಕ್ಕೆ ಅದನ್ನು ಬಿಟ್ಟುಬಿಡುವ ವಿವೇಕ ಇಲ್ಲ. ಮೇಲೆ ಹೇಳಿದ ಮೂರೂ ಔಷಧಿ ರೇಷ್ಮೆ ಹುಳುವಿಗೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ. ಅದರಲ್ಲಿ ಕ್ಲೋರಾಂಟ್ರಾನಿಲಿಪ್ರೋಲ್ ಎಲೆಯ ಮೇಲೆ ಬಹುಕಾಲ ಉಳಿಯುವಂಥದ್ದು. ಗಾಳಿಗೆ ಹಾರಿ ಸೊಪ್ಪಿನ ಮೇಲೆ ಕೂತ ಹನಿ ಕಣ್ಣಿಗೆ ಕಾಣುವುದಿಲ್ಲ. ಆ ಸೊಪ್ಪು ತಿಂದ ಹುಳು ಮೇವು ಬಿಡುತ್ತದೆ, ಮೈ ಕುಗ್ಗುತ್ತದೆ, ನಾಲ್ಕನೇ ಜ್ವರ (ಹುಳು ಪೊರೆ ಕಳಚುವ ಹಂತ) ದಾಟಿದ ಬೆಳೆಯೂ ಗೂಡು ಕಟ್ಟದೆ ಹೋಗುತ್ತದೆ. ಸಾಕಿದವರು ರೋಗವೆಂದು ತಿಳಿದು ಎಳೆ ಹುಳು ಸಾಕಿ ಕೊಡುವ ಚಾಕಿ ಕೇಂದ್ರದವರನ್ನು ದೂರುತ್ತಾರೆ.

ಇಲ್ಲಿ ‘ಸಾವಯವ’ ಎಂಬ ಮಾತಿಗೂ ಮರುಳಾಗಬಾರದು. ಹುಳು ಕೊಲ್ಲುವ ಬಿ.ಟಿ. ಎಂಬ ಬ್ಯಾಕ್ಟೀರಿಯಾದ ಪುಡಿ ಜೋಳಕ್ಕೆ ಒಳ್ಳೆಯದೇ, ರೇಷ್ಮೆ ಹುಳುವಿಗೆ ಅದೂ ವಿಷ. ಮೆಟಾರೈಜಿಯಂ ರೈಲಿ ಎಂಬ ಶಿಲೀಂಧ್ರವನ್ನು ಲದ್ದಿ ಹುಳುವಿಗೆ ಶಿಫಾರಸು ಮಾಡುತ್ತಾರೆ, ರೇಷ್ಮೆ ಹುಳುವಿಗೆ ಹಸಿರು ಸುಣ್ಣಕಟ್ಟು ರೋಗ ತರಿಸುವ ಶಿಲೀಂಧ್ರಗಳಲ್ಲಿ ಅದೂ ಒಂದು. ಬೇವು ಬಿದ್ದ ಸೊಪ್ಪನ್ನೂ ಹುಳುಗಳಿಗೆ ಹಾಕಬಾರದು. ಆದ್ದರಿಂದ ಹಿಪ್ಪುನೇರಳೆ ಪಕ್ಕದ ಜೋಳಕ್ಕೆ ಬೀಜೋಪಚಾರ, ಮೊಟ್ಟೆ ಹಿಸುಕುವುದು, ಮರಳು ಸುಣ್ಣ, ಇವೇ ಮೊದಲ ಆಯ್ಕೆ. ಸಿಂಪಡಿಸಲೇಬೇಕಾದರೆ ಪಕ್ಕದವರ ಮನೆಯಲ್ಲಿ ಹುಳು ಎಷ್ಟನೇ ಜ್ವರದಲ್ಲಿದೆ, ಯಾವ ಪಟ್ಟೆಯ ಸೊಪ್ಪು ಕೊಯ್ಯುತ್ತಾರೆ ಎಂದು ಕೇಳಿಕೊಂಡು, ಗಾಳಿ ಸೊಪ್ಪಿನ ಕಡೆ ಬೀಸದ ಹೊತ್ತು ನೋಡಿ, ಗಡಿಯ ಕೆಲವು ಸಾಲುಗಳನ್ನು ಬಿಟ್ಟು, ನಾಜಲ್ ಸುಳಿಗೆ ತಾಗಿಸಿ ಹೊಡೆಯಬೇಕು. ಡ್ರೋನ್ ಅಂತೂ ಅಂಥ ಜಾಗಕ್ಕೆ ಬೇಡವೇ ಬೇಡ. ಜೋಳಕ್ಕೆ ಬಳಸಿದ ಟ್ಯಾಂಕನ್ನು ಹಿಪ್ಪುನೇರಳೆಗೆ ತರಬಾರದು, ಎಷ್ಟು ತೊಳೆದರೂ ಅಷ್ಟೆ.

ಜೋಳದ ನಡುವೆ ಅವರೆ, ಅಲಸಂದೆ, ತೊಗರಿಯ ಅಕ್ಕಡಿ ಸಾಲು ಹಾಕಿದ ಹೊಲಗಳಲ್ಲಿ ಹುಳುವನ್ನು ತಿನ್ನುವ ಜೇಡ, ಕಣಜಗಳಿಗೆ ನೆಲೆ ಸಿಗುತ್ತದೆ. ಮರೆಯುವ ವಿಷಯವೆಂದರೆ ಕಳೆನಾಶಕ: ಜೋಳಕ್ಕೆ ಅಟ್ರಾಜಿನ್ ಹೊಡೆದರೆ ಅಕ್ಕಡಿಯ ದ್ವಿದಳಗಳೂ ಅದರೊಂದಿಗೇ ಹೋಗುತ್ತವೆ. ಬದುವಿನಲ್ಲಿ ಮೂರು ನಾಲ್ಕು ಸಾಲು ನೇಪಿಯರ್ ಇದ್ದರೆ ಪತಂಗವನ್ನು ಸೆಳೆಯುವ ಬೆಳೆಯಾಗಿ ಕೆಲಸಕ್ಕೆ ಬರುತ್ತದೆ, ಆದರೆ ಅದನ್ನೂ ನೋಡುತ್ತಿರಬೇಕು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಮೊಟ್ಟೆಯನ್ನೇ ನಾಶ ಮಾಡುವ ಪರತಂತ್ರ ಕಣಜಗಳ ಮೇಲೆ ಕೆಲಸ ಮಾಡಿದೆ. ಟ್ರೈಕೊಗ್ರಾಮಾ ಎಂಬ ಅಂಥ ಕಣಜದ ಕಾರ್ಡು ಸಿಕ್ಕವರು ಎಕರೆಗೆ 50 ಸಾವಿರ ಕಣಜದ ಲೆಕ್ಕದಲ್ಲಿ ವಾರಕ್ಕೊಮ್ಮೆ, ಇರುವೆ ಹತ್ತದಂತೆ ಎಲೆಯ ಅಡಿಗೆ ಕಟ್ಟಬೇಕು, ಆ ವಾರ ಔಷಧಿ ಮುಟ್ಟಬಾರದು. ಮೊಟ್ಟೆಯ ಮೇಲೆ ಕೂದಲು ದಟ್ಟವಾಗಿದ್ದರೆ ಟ್ರೈಕೊಗ್ರಾಮಾ ಒಳಹೋಗಲು ತಿಣುಕುತ್ತದೆ, ಟೆಲಿನೋಮಸ್ ಎಂಬ ಇನ್ನೊಂದು ಕಣಜ ನುಗ್ಗುತ್ತದೆ.

ಮಳೆಯೂ ಒಂದು ಔಷಧಿ. ಜೋರು ಮಳೆ ಸಣ್ಣ ಮರಿಗಳನ್ನು ತೊಳೆದುಬಿಡುತ್ತದೆ, ಸುಳಿಯ ನೀರಿನಲ್ಲಿ ಮುಳುಗಿಸುತ್ತದೆ. ಆಗಸ್ಟ್, ಸೆಪ್ಟೆಂಬರಿನ ಸೋನೆಯಲ್ಲಿ ಎಲೆಗಂಟಿ ಸೆಟೆದು ಸತ್ತ, ಮೊದಲು ಬಿಳಿ ಆಮೇಲೆ ತಿಳಿ ಹಸಿರು ಪುಡಿ ಮೆತ್ತಿದ ಹುಳು ಕಂಡರೆ ಶಿಲೀಂಧ್ರ ತಾನಾಗಿ ಹಬ್ಬಿದೆ ಎಂದರ್ಥ. ಆಗ ಔಷಧಿಗೆ ಕೈ ಹಾಕದೆ ಸುಮ್ಮನಿರಬೇಕು. ಹುಳು ಹೆಚ್ಚುವುದು ಬಿತ್ತಿದ ಮೇಲೆ ಮಳೆ ಕೈಕೊಟ್ಟು ಹದಿನೈದು ದಿನ ಒಣಗಿದಾಗ.

ಗಂಡು ಹೂಗೊನೆ ಬಂದ ಮೇಲೆ ಸಿಂಪಡಿಸಿದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ಆ ಹೊತ್ತಿಗೆ ಹುಳು ತೆನೆಯ ಸಿಪ್ಪೆಯೊಳಗಿರುತ್ತದೆ. ಬೆಳಗಿನ ಹೊತ್ತು ಜೋಳದ ಪರಾಗಕ್ಕೆ ಬರುವ ಜೇನುಹುಳುಗಳು ಸಾಯುವುದೊಂದೇ ಫಲ. ಕೈಗೆ ಸಿಕ್ಕ ಹುಳು ಆರಿಸಿ ಹಾಕುವುದು ಬಿಟ್ಟರೆ ಬೇರೆ ಮಾಡಬೇಕಾದ್ದಿಲ್ಲ. ಸಿಂಪಡಿಸಿದ ಹೊಲದ ಹಸಿ ಮೇವನ್ನು, ರಸಮೇವಿಗೆ ಕೊಯ್ಯುವುದನ್ನೂ, ಚೀಟಿಯಲ್ಲಿ ಬರೆದ ಕಾಯುವ ದಿನ ಮುಗಿಯುವ ಮೊದಲು ಹಸುವಿಗೆ ಹಾಕಬಾರದು.

ಪತ್ರಿಕೆ ಮಾಡಬಹುದಾದದ್ದು ಇಷ್ಟು. ಕೋಟೆ, ಹುಣಸೂರು, ಪಿರಿಯಾಪಟ್ಟಣ ಕಡೆಗೆ ಕೃತ್ತಿಕೆ ಮಳೆ ಬಿದ್ದ ವಾರ, ಕೆ.ಆರ್. ಪೇಟೆ, ನಾಗಮಂಗಲಕ್ಕೆ ಬಿತ್ತನೆ ಶುರುವಾದ ವಾರ, ನಾಲೆ ಬಯಲಿಗೆ ಬೇಸಿಗೆ ಜೋಳದ ಸಮಯದಲ್ಲಿ, ಹರಿದ ಸುಳಿಯ ಚಿತ್ರದ ಬದಲು ಕೂದಲು ಹೊದ್ದ ಮೊಟ್ಟೆಯ ಚಿತ್ರವನ್ನು ಅಂಗೈ ಅಗಲಕ್ಕೆ ದೊಡ್ಡದಾಗಿ ಹಾಕಿ. ಪಕ್ಕದಲ್ಲಿ ಬಿಳಿ ಮಚ್ಚೆಯ ಗಂಡು ಪತಂಗ, ಕಾಗದದಂತಾದ ಎಲೆ. ಕೆಳಗೆ ‘ನಿಮ್ಮ ಜೋಳಕ್ಕೆ ಹತ್ತು ದಿನವಾಯಿತೇ? ನೂರು ಗಿಡ ನೋಡಿ’ ಎಂಬ ಒಂದು ಸಾಲು, ಹತ್ತಿರದ ರೈತ ಸಂಪರ್ಕ ಕೇಂದ್ರ, ಮಂಡ್ಯದ ವಿ.ಸಿ. ಫಾರಂ ಹಾಗೂ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಗಳ ದೂರವಾಣಿ ಸಂಖ್ಯೆ. ಕಪ್ಪು ಬಿಳುಪಿನಲ್ಲಿ ಅಚ್ಚಾದರೆ ಮೊಟ್ಟೆಯ ಬೂದು ಹೊದಿಕೆ ಎಲೆಯಿಂದ ಬೇರೆಯಾಗಿ ಕಾಣುವುದಿಲ್ಲ. ಆ ಒಂದು ದಿನವಾದರೂ ಜಿಲ್ಲಾ ಪುಟಕ್ಕೆ ಬಣ್ಣ ಕೊಡಿ.

ಇಂತಿ,
ಒಬ್ಬ ಓದುಗ
ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ